ನೋಡಿದವರು ಲಕ್ಷ, ಕೊಂಡವರು ಎಷ್ಟು?

ಇಂಪ್ರೆಷನ್, ಕ್ಲಿಕ್, ಕನ್ವರ್ಷನ್, ಎಸ್‌ಇಒ, ಕುಕಿ... ಹಬ್ಬದ ಸೇಲ್ ಬಂತೆಂದರೆ ಈ ಮಾತುಗಳದ್ದೇ ಸುಗ್ಗಿ. ಆನ್‌ಲೈನ್ ಜಾಹೀರಾತಿಗೆ ದುಡ್ಡು ಸುರಿಯುವ ಅಂಗಡಿಯವರಿಗೂ, ಆ ಜಾಹೀರಾತು ಬೆನ್ನು ಬಿಡದೆ ಹಿಂಬಾಲಿಸುವ ಗಿರಾಕಿಗೂ ಇವುಗಳ ಒಳಗುಟ್ಟು ಗೊತ್ತಿರಬೇಕು. ಪ್ರತಿ ಪದದ ಹಿಂದೆಯೂ ಯಾರೋ ಹಾಕಿದ ಒಂದು ಲೆಕ್ಕವಿದೆ. ಆ ಲೆಕ್ಕ ಯಾರ ಪರವಾಗಿದೆ?

ದೀಪಾವಳಿಗೆ ಇನ್ನೆರಡು ವಾರ. ದಾವಣಗೆರೆ ಚೌಕಿಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕಾಲಿಡಲು ಜಾಗವಿಲ್ಲ. ಇಳಕಲ್, ಮೊಳಕಾಲ್ಮೂರು, ಧರ್ಮಾವರಂ ಎಲ್ಲ ಬಿಚ್ಚಿಕೊಂಡು ಹರಡಿವೆ. ಗಾದಿಯ ಮೇಲೆ ಕುಳಿತ ಯಜಮಾನರ ಎದುರು ಹುಡುಗನೊಬ್ಬ ಲ್ಯಾಪ್‌ಟಾಪ್ ತೆರೆದಿದ್ದಾನೆ. ಅಂಗಡಿಯ ವೆಬ್‌ಸೈಟು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ನೋಡಿಕೊಳ್ಳುವ ಏಜೆನ್ಸಿಯವನು. ತಿಂಗಳ ರಿಪೋರ್ಟ್ ಒಪ್ಪಿಸುತ್ತಿದ್ದಾನೆ.

“ಇಂಪ್ರೆಷನ್ ಡಬಲ್ ಆಗೈತಿ ಯಜಮಾನ್ರೇ. ರೀಚ್ ಚಲೋ ಐತಿ. ಸಿಟಿಆರ್ ಸ್ವಲ್ಪ ಡೌನ್, ಆದ್ರ ಎಂಗೇಜ್‌ಮೆಂಟ್ ಮ್ಯಾಲ ಹೋಗೈತಿ. ರೋಆಸ್ ಮೂರು ದಾಟೈತಿ.”

ಯಜಮಾನರು ಕನ್ನಡಕವನ್ನು ಹಣೆಗೇರಿಸಿದರು. “ಅದೆಲ್ಲ ಇರ್ಲಿ ತಮ್ಮಾ. ಇದ್ರಿಂದ ಸೀರೆ ಎಷ್ಟು ಹೋದ್ವು?”

ಹುಡುಗ ಇನ್ನೊಂದು ಪುಟ ತೆರೆದ. ಅಲ್ಲಿಯೂ ಏರುತ್ತಿರುವ ಗೆರೆಗಳಿದ್ದವು, ಉತ್ತರವಿರಲಿಲ್ಲ. ಪಕ್ಕದಲ್ಲಿ ಸೀರೆ ಆರಿಸುತ್ತಿದ್ದ ನಾನು ಸೆರಗು ನೋಡುವುದನ್ನು ಬಿಟ್ಟು ಅವರಿಬ್ಬರ ಮಾತಿಗೇ ಕಿವಿಗೊಟ್ಟೆ. ಹುಡುಗ ಸುಳ್ಳು ಹೇಳುತ್ತಿರಲಿಲ್ಲ, ಯಜಮಾನರೂ ತಪ್ಪು ಪ್ರಶ್ನೆ ಕೇಳಿರಲಿಲ್ಲ. ಅಷ್ಟಾದರೂ ಒಬ್ಬರ ಮಾತು ಇನ್ನೊಬ್ಬರನ್ನು ಮುಟ್ಟಲಿಲ್ಲ. ಮೂವತ್ತು ವರ್ಷಗಳಿಂದ ಇಡೀ ಆನ್‌ಲೈನ್ ಜಾಹೀರಾತು ಉದ್ಯಮ ಬೆಳೆದು ನಿಂತಿರುವುದು ಈ ಅಂತರದ ಮೇಲೆಯೇ.

ಮೊದಲ ಬ್ಯಾನರ್, ಮೊದಲ ಕ್ಲಿಕ್

1994ರ ಅಕ್ಟೋಬರ್ 27. ಅಮೆರಿಕದ ‘ವೈರ್ಡ್’ ಪತ್ರಿಕೆಯ ಬಳಗ ‘ಹಾಟ್‌ವೈರ್ಡ್’ ಎಂಬ ವೆಬ್‌ಸೈಟು ತೆರೆಯಿತು. ಬರಹಗಾರರಿಗೆ ಸಂಬಳ ಕೊಡಬೇಕಲ್ಲ, ಅದಕ್ಕಾಗಿ ಪುಟದ ಮೇಲ್ಗಡೆ ಒಂದು ಉದ್ದನೆಯ ಪಟ್ಟಿಯನ್ನು ಕಂಪನಿಗಳಿಗೆ ಮಾರಿತು. ಇಂದು ಬ್ಯಾನರ್ ಎಂದು ಕರೆಯುವ ಪಟ್ಟಿ ಅದೇ. ಅಂದು ಜಾಗ ಕೊಂಡವರಲ್ಲಿ ಎಲ್ಲರ ನೆನಪಿನಲ್ಲಿ ಉಳಿದದ್ದು ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿ. ಕಪ್ಪು ಪಟ್ಟಿಯ ಮೇಲೆ ಬಣ್ಣದ ಅಕ್ಷರಗಳಲ್ಲಿ ಅದು ಕೇಳಿದ್ದು ಇಷ್ಟೇ: ಇಲ್ಲಿ ಎಂದಾದರೂ ಮೌಸ್ ಒತ್ತಿದ್ದೀರಾ? ಪಕ್ಕದಲ್ಲೇ ಬಾಣದ ಗುರುತು, ಖಂಡಿತ ಒತ್ತುತ್ತೀರಿ ಎಂಬ ಭರವಸೆ.

ಜನ ಒತ್ತಿದರು. ನೋಡಿದ ನೂರು ಮಂದಿಯಲ್ಲಿ 44 ಮಂದಿ ಒತ್ತಿದರು ಎಂಬುದು ಆ ಜಾಹೀರಾತು ಮಾಡಿದವರು ಕೊಟ್ಟ ಲೆಕ್ಕ.

ಏಜೆನ್ಸಿ ಹುಡುಗ ಹೇಳಿದ ಸಿಟಿಆರ್, ಅಂದರೆ ಕ್ಲಿಕ್ ಥ್ರೂ ರೇಟ್, ಇದೇ. ನೂರು ಸಲ ಜಾಹೀರಾತು ಕಾಣಿಸಿದರೆ ಅದರಲ್ಲಿ ಎಷ್ಟು ಸಲ ಅದನ್ನು ಒತ್ತಿದರು ಎಂಬ ಲೆಕ್ಕ. ಅಂದು 44. ಇಂದು ಸಾಮಾನ್ಯ ಬ್ಯಾನರ್ ಒಂದಕ್ಕೆ ನೂರಕ್ಕೆ ಒಂದು ಕ್ಲಿಕ್ ಸಿಕ್ಕರೂ ಏಜೆನ್ಸಿಯವರು ಖುಷಿಪಡುತ್ತಾರೆ. ಜಾಹೀರಾತಿನಂತೆ ಕಂಡದ್ದನ್ನೆಲ್ಲ ದಾಟಿ ಹೋಗುವುದನ್ನು ನಮ್ಮ ಕಣ್ಣು ಬಲುಬೇಗ ಕಲಿತುಬಿಟ್ಟಿತು. 1998ರಲ್ಲೇ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಗುರುತಿಸಿ ‘ಬ್ಯಾನರ್ ಬ್ಲೈಂಡ್‌ನೆಸ್’ ಎಂದು ಕರೆದರು. ಬೇಕಾದ ಮಾಹಿತಿ ಬ್ಯಾನರಿನೊಳಗೇ ಇದ್ದರೂ ಜನ ಅದನ್ನು ಕಾಣದೆ ಬೇರೆಲ್ಲೋ ಹುಡುಕುತ್ತಿದ್ದರು.

ಹಾಗಿದ್ದರೆ ಇಂಪ್ರೆಷನ್ ಏನನ್ನು ಎಣಿಸುತ್ತದೆ? ಜಾಹೀರಾತು ಪರದೆಗೆ ಬಂದದ್ದನ್ನು ಎಣಿಸುತ್ತದೆ. ಒಬ್ಬರಿಗೇ ಹತ್ತು ಸಲ ಬಂದರೆ ಹತ್ತು ಇಂಪ್ರೆಷನ್. ರೀಚ್ ಎಂದರೆ ತಲೆ ಎಣಿಕೆ, ಆ ಹತ್ತಕ್ಕೂ ಸೇರಿ ಒಂದು. ಆದ್ದರಿಂದ ರಿಪೋರ್ಟಿನಲ್ಲಿ ಇಂಪ್ರೆಷನ್ ಏರಿ ರೀಚ್ ಏರದಿದ್ದರೆ, ನಿಮ್ಮ ಜಾಹೀರಾತು ಹೊಸಬರನ್ನು ತಲುಪುತ್ತಿಲ್ಲ, ಹಳಬರನ್ನೇ ಮತ್ತೆ ಮತ್ತೆ ತಟ್ಟುತ್ತಿದೆ ಎಂದರ್ಥ.

‘ಕಾಣಿಸಿತು’ ಎಂಬುದರ ಅಳತೆ ಕೇಳಿದರೆ ಇನ್ನೂ ಅಚ್ಚರಿಯಾದೀತು. ಉದ್ಯಮ ಒಪ್ಪಿಕೊಂಡಿರುವ ಮಾನದಂಡದ ಪ್ರಕಾರ ಬ್ಯಾನರಿನ ಅರ್ಧ ಭಾಗ ಪರದೆಯ ಮೇಲೆ ಒಂದು ಸೆಕೆಂಡ್ ಇದ್ದರೆ ಸಾಕು, ವಿಡಿಯೊ ಆದರೆ ಎರಡು ಸೆಕೆಂಡ್. ಬೆರಳು ಪರದೆಯನ್ನು ಮೇಲಕ್ಕೆ ತಳ್ಳುತ್ತಿರುವಾಗಲೇ ಆ ಸೆಕೆಂಡ್ ಮುಗಿದಿರುತ್ತದೆ. ಅಂಗಡಿಯವರ ಖಾತೆಯಿಂದ ದುಡ್ಡೂ ಹೋಗಿರುತ್ತದೆ.

ಎಣಿಸುವವರೇ ಮಾರುವವರೂ ಆದಾಗ ಏನಾಗುತ್ತದೆ ಎಂಬುದಕ್ಕೆ 2016ರ ಪ್ರಕರಣವೊಂದಿದೆ. ಜನ ವಿಡಿಯೊ ನೋಡುವ ಸರಾಸರಿ ಸಮಯವನ್ನು ಹೆಚ್ಚಾಗಿ ತೋರಿಸಿದ್ದೇವೆಂದು ಫೇಸ್‌ಬುಕ್ ಆ ವರ್ಷ ಒಪ್ಪಿಕೊಂಡಿತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಅದು ಸರಾಸರಿಯಿಂದಲೇ ಬಿಟ್ಟಿತ್ತು. ಜಾಹೀರಾತುದಾರರು ಕೋರ್ಟಿಗೆ ಹೋದರು. 2019ರಲ್ಲಿ 4 ಕೋಟಿ ಡಾಲರ್ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು. ಅಷ್ಟು ಹೊತ್ತಿಗೆ ಹಲವು ಸುದ್ದಿ ಸಂಸ್ಥೆಗಳು ಆ ಸಂಖ್ಯೆಗಳ ಭರವಸೆಯಲ್ಲಿ ಬರೆಯುವವರನ್ನು ಕಳಿಸಿ ವಿಡಿಯೊ ಮಾಡುವವರನ್ನು ತುಂಬಿಕೊಂಡಿದ್ದವು. ಪತ್ರಿಕೆಯವಳಾಗಿ ಈ ಸಂಗತಿ ನನ್ನನ್ನು ಇಂದಿಗೂ ಕಲಕುತ್ತದೆ. ತಪ್ಪು ಸಂಖ್ಯೆಗೆ ಕೆಲಸ ಕಳೆದುಕೊಂಡವರಿಗೆ ಯಾವ ಪರಿಹಾರವೂ ಸಿಗಲಿಲ್ಲ.

ಕ್ಲಿಕ್ಕಿಗೆ ಹರಾಜು

ಮೊದಮೊದಲು ಜಾಹೀರಾತಿನ ಬೆಲೆ ಪತ್ರಿಕೆಗಳ ರೀತಿಯಲ್ಲೇ ಇತ್ತು. ಸಾವಿರ ಸಲ ತೋರಿಸಿದರೆ ಇಂತಿಷ್ಟು. ಸಿಪಿಎಂ ಎಂದರೆ ಆ ಸಾವಿರದ ದರ. ಜನ ನೋಡಲಿ ಬಿಡಲಿ, ಕೊಡಬೇಕಾದ್ದೇ.

ಇದನ್ನು ಮುರಿದದ್ದು ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಎಂಬ ಉದ್ಯಮಿ. 1998ರಲ್ಲಿ ಅವರು ‘ಗೋಟು ಡಾಟ್ ಕಾಂ’ ಎಂಬ ಹುಡುಕಾಟದ ತಾಣ ತೆರೆದರು. ಜನ ಏನನ್ನು ಹುಡುಕುತ್ತಾರೋ ಆ ಪದವನ್ನೇ ಹರಾಜಿಗಿಟ್ಟರು. ‘ಹೂವು’ ಎಂಬ ಪದಕ್ಕೆ ಹೆಚ್ಚು ಕೂಗಿದ ಹೂವಿನ ಅಂಗಡಿ ಮೇಲೆ ಬರುತ್ತದೆ. ಯಾರಾದರೂ ಒತ್ತಿದರೆ ಮಾತ್ರ ದುಡ್ಡು, ಇಲ್ಲದಿದ್ದರೆ ಇಲ್ಲ. ಯಾರು ಎಷ್ಟು ಕೂಗಿದ್ದಾರೆ ಎಂಬುದನ್ನೂ ಅವರು ಪುಟದಲ್ಲೇ ತೋರಿಸುತ್ತಿದ್ದರು. ಆ ಪ್ರಾಮಾಣಿಕತೆ ಮುಂದೆ ಬಂದವರಲ್ಲಿ ಉಳಿಯಲಿಲ್ಲ. ಹೀಗೆ ಜನಪ್ರಿಯವಾದದ್ದು ಸಿಪಿಸಿ, ಕ್ಲಿಕ್ಕಿನ ದರ. ಆ ಕಂಪನಿಯ ಹೆಸರು ಮುಂದೆ ‘ಓವರ್ಚರ್’ ಎಂದಾಯಿತು. 2003ರಲ್ಲಿ ಯಾಹೂ ಅದನ್ನು ಕೊಂಡಿತು.

ಗೂಗಲ್ 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ‘ಆ್ಯಡ್‌ವರ್ಡ್ಸ್’ ಶುರು ಮಾಡಿದಾಗ ಇನ್ನೂ ಸಾವಿರದ ದರವನ್ನೇ ಇಟ್ಟುಕೊಂಡಿತ್ತು. 2002ರಲ್ಲಿ ಹರಾಜಿಗೆ ಬಂತು. ಆದರೆ ಬರೀ ಹೆಚ್ಚು ಕೂಗಿದವರಿಗೆ ಮೇಲಿನ ಜಾಗ ಕೊಡಲಿಲ್ಲ. ಕೂಗಿದ ಬೆಲೆಯ ಜೊತೆಗೆ ಜನ ಆ ಜಾಹೀರಾತನ್ನು ಎಷ್ಟು ಒತ್ತುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿತು. ಗೆದ್ದವರು ತಾವು ಕೂಗಿದ ಪೂರ್ತಿ ಬೆಲೆಯನ್ನೂ ಕೊಡಬೇಕಿರಲಿಲ್ಲ, ತಮ್ಮ ಕೆಳಗಿನವರನ್ನು ಹಿಂದಿಕ್ಕಲು ಬೇಕಾದಷ್ಟು ಕೊಟ್ಟರೆ ಸಾಕಿತ್ತು. ಸಣ್ಣ ಅಂಗಡಿಗೆ ಇದರಿಂದ ನಿಜವಾಗಿಯೂ ಒಂದು ಬಾಗಿಲು ತೆರೆಯಿತು. ಟಿವಿಯಲ್ಲಿ ಹತ್ತು ಸೆಕೆಂಡ್ ಕೊಳ್ಳಲಾಗದವರು ಕೆಲವು ನೂರು ರೂಪಾಯಿಯಲ್ಲಿ, ಸೀರೆ ಬೇಕೆಂದು ಆ ಕ್ಷಣಕ್ಕೇ ಹುಡುಕುತ್ತಿರುವ ಒಬ್ಬರ ಮುಂದೆ ಹೋಗಿ ನಿಲ್ಲಬಹುದಾಯಿತು. ಇದನ್ನು ಕಡಿಮೆ ಮಾಡಿ ಹೇಳಲಾರೆ.

ಆದರೆ ಕ್ಲಿಕ್ಕಿಗೆ ಬೆಲೆ ಬಂದ ದಿನದಿಂದಲೇ ಕಳ್ಳ ಕ್ಲಿಕ್ಕುಗಳೂ ಹುಟ್ಟಿದವು. ಅಲೆಕ್ಸಾಂಡರ್ ಝುಕೋವ್ ಎಂಬ ರಷ್ಯದವನು ಬಾಡಿಗೆಗೆ ಪಡೆದ ಕಂಪ್ಯೂಟರುಗಳಿಂದ ಮನುಷ್ಯರಂತೆ ನಟಿಸುವ ತಂತ್ರಾಂಶಗಳನ್ನು ಓಡಿಸಿ, ಯಾರೂ ಇಲ್ಲದ ಪುಟಗಳಲ್ಲಿ ಜಾಹೀರಾತು ‘ನೋಡಿಸಿ’ ದುಡ್ಡು ಮಾಡಿದ. 2021ರಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ 10 ವರ್ಷ ಶಿಕ್ಷೆ ವಿಧಿಸಿತು. ನಿಮ್ಮ ರಿಪೋರ್ಟಿನ ಕ್ಲಿಕ್ಕುಗಳ ಹಿಂದೆ ಎಷ್ಟು ಬೆರಳಿವೆ, ಎಷ್ಟು ಯಂತ್ರವಿದೆ ಎಂದು ಕೇಳುವ ಹಕ್ಕು ನಿಮಗಿದೆ.

■ ಲೆಕ್ಕದ ಹಾಳೆ

ತಿಳಿಯಲೆಂದೇ ಮಾಡಿದ ಲೆಕ್ಕವಿದು, ಯಾವ ಅಂಗಡಿಯದ್ದೂ ಅಲ್ಲ.

ಜಾಹೀರಾತಿಗೆ ಹಾಕಿದ್ದು 10,000 ರೂಪಾಯಿ. ಅದು 2,00,000 ಸಲ ಕಾಣಿಸಿತು. ಸಾವಿರಕ್ಕೆ 50 ರೂಪಾಯಿಯಂತೆ ಸಿಪಿಎಂ 50.

1,600 ಕ್ಲಿಕ್ ಬಂತು. ಸಿಟಿಆರ್ ಶೇ 0.8. ಒಂದು ಕ್ಲಿಕ್ಕಿಗೆ 6 ರೂಪಾಯಿ 25 ಪೈಸೆ.

16 ಮಂದಿ ಸೀರೆ ಕೊಂಡರು. ಕ್ಲಿಕ್ ಮಾಡಿದವರಲ್ಲಿ ಕೊಂಡವರು ಶೇ 1, ಇದೇ ಕನ್ವರ್ಷನ್ ರೇಟ್.

ಸೀರೆಗೆ 2,000ದಂತೆ 32,000 ರೂಪಾಯಿ ವ್ಯಾಪಾರ. ಹಾಕಿದ ಒಂದು ರೂಪಾಯಿಗೆ 3 ರೂಪಾಯಿ 20 ಪೈಸೆ ವ್ಯಾಪಾರ. ರೋಆಸ್ 3.2.

ಈಗ ಕೊನೆಯ ಸಾಲು. ಸೀರೆಯಲ್ಲಿ ಶೇ 25ರಷ್ಟು ಲಾಭವಿದ್ದರೆ ಕೈಗೆ ಬಂದದ್ದು 8,000. ಜಾಹೀರಾತಿಗೆ ಹೋದದ್ದು 10,000. ನಷ್ಟ 2,000 ರೂಪಾಯಿ.

ಅವರು ಹೇಗಿದ್ದರೂ ಬರುತ್ತಿದ್ದರೇ?

ಮೇಲಿನ ಲೆಕ್ಕದಲ್ಲಿ ಇನ್ನೊಂದು ತೂತು ಇದೆ. ಆ 16 ಮಂದಿ ಜಾಹೀರಾತಿನಿಂದಲೇ ಬಂದರೇ? ಅಥವಾ ಹೇಗಿದ್ದರೂ ನಿಮ್ಮಲ್ಲಿಗೆ ಬರುವವರಿದ್ದು, ದಾರಿಯಲ್ಲಿ ಜಾಹೀರಾತನ್ನು ಒತ್ತಿದರೇ?

ಈ ಪ್ರಶ್ನೆಗೆ ಇಬೇ ಕಂಪನಿ 2012ರಲ್ಲಿ ಉತ್ತರ ಹುಡುಕಿತು. ಆಗ ಅಲ್ಲಿದ್ದ ಅರ್ಥಶಾಸ್ತ್ರಜ್ಞರಾದ ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೊ ಮತ್ತು ಸ್ಟೀವನ್ ಟಾಡೆಲಿಸ್ ಕೇಳಿದ್ದು ತೀರ ಸರಳವಾದ ಮಾತು. ‘ಇಬೇ’ ಎಂದೇ ಟೈಪ್ ಮಾಡಿ ಹುಡುಕುವವರಿಗೆ ಇಬೇ ಜಾಹೀರಾತು ತೋರಿಸಲು ದುಡ್ಡು ಏಕೆ ಕೊಡಬೇಕು? ಕೆಲವು ಸರ್ಚ್ ತಾಣಗಳಲ್ಲಿ ಆ ಜಾಹೀರಾತನ್ನು ನಿಲ್ಲಿಸಿ ನೋಡಿದರು. ಹೋದ ಕ್ಲಿಕ್ಕುಗಳಲ್ಲಿ ಶೇ 99.5ರಷ್ಟು, ಕೆಳಗೆ ಪುಕ್ಕಟೆಯಾಗಿ ಬರುವ ಸಾಮಾನ್ಯ ಫಲಿತಾಂಶದ ಮೂಲಕ ವಾಪಸ್ ಬಂದವು. ಬೇರೆ ಪದಗಳ ಜಾಹೀರಾತನ್ನೂ ಅಮೆರಿಕದ ಕೆಲವು ಪ್ರದೇಶಗಳಲ್ಲಿ ನಿಲ್ಲಿಸಿ ಪರೀಕ್ಷಿಸಿದರು. ಇಬೇಯನ್ನು ಅಷ್ಟಾಗಿ ಅರಿಯದ ಹೊಸಬರ ಮೇಲೆ ಜಾಹೀರಾತು ಕೆಲಸ ಮಾಡುತ್ತಿತ್ತು. ಆದರೆ ದುಡ್ಡಿನ ಬಹುಭಾಗ ಹೋಗುತ್ತಿದ್ದದ್ದು ಹಳೆಯ ಗಿರಾಕಿಗಳ ಕ್ಲಿಕ್ಕಿಗೆ.

ಇದನ್ನು ಓದಿದ ಮೇಲೆ ಚೌಕಿಪೇಟೆಯ ಅಂಗಡಿಯಂಥವರಿಗೆ ನಾನು ಹೇಳುವುದು ಒಂದೇ. ಒಂದು ವಾರ ಹಾವೇರಿ, ರಾಣೆಬೆನ್ನೂರಿನಲ್ಲಿ ಜಾಹೀರಾತು ನಿಲ್ಲಿಸಿ, ಹರಿಹರ, ಚಿತ್ರದುರ್ಗದಲ್ಲಿ ನಡೆಸಿ. ಎರಡೂ ಕಡೆಯ ಆರ್ಡರುಗಳನ್ನು ಹಿಂದಿನ ವಾರದ ಲೆಕ್ಕದೊಂದಿಗೆ ಹೋಲಿಸಿ ನೋಡಿ. ಊರು ಆರಿಸಿ ಜಾಹೀರಾತು ಹಾಕುವ ಸೌಲಭ್ಯ ಪ್ರಮುಖ ವೇದಿಕೆಗಳಲ್ಲೆಲ್ಲ ಇದೆ. ಏಜೆನ್ಸಿಯ ಯಾವ ರಿಪೋರ್ಟಿಗಿಂತಲೂ ಆ ವಾರದ ಗಲ್ಲಾ ಹೆಚ್ಚು ಹೇಳುತ್ತದೆ.

ದುಡ್ಡು ಕೊಡದೆ ಮೇಲೆ ಬರುವ ದಾರಿ

ಎಸ್‌ಇಒ, ಸರ್ಚ್ ಎಂಜಿನ್ ಆಪ್ಟಿಮೈಸೇಷನ್. ಇಂದು ಊರೂರಿನ ಏಜೆನ್ಸಿಗಳ ಫಲಕದಲ್ಲಿರುವ ಮೂರು ಅಕ್ಷರ. ‘ಗೂಗಲ್‌ನಲ್ಲಿ ಫಸ್ಟ್ ಪೇಜ್ ಗ್ಯಾರಂಟಿ’ ಎನ್ನುವವರನ್ನು ನಂಬಬೇಡಿ. ಆ ಗ್ಯಾರಂಟಿ ಕೊಡಲು ಯಾರಿಂದಲೂ ಸಾಧ್ಯವಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಹುಡುಕಾಟವನ್ನು ಬದಲಿಸಿದ್ದು ಒಂದು ಸರಳ ಯೋಚನೆಯಿಂದ. ಒಂದು ಪುಟ ಎಷ್ಟು ಮುಖ್ಯ ಎಂದು ತಿಳಿಯಲು, ಬೇರೆ ಎಷ್ಟು ಪುಟಗಳು ಅದರತ್ತ ಲಿಂಕ್ ಕೊಟ್ಟಿವೆ, ಲಿಂಕ್ ಕೊಟ್ಟ ಪುಟಗಳು ಸ್ವತಃ ಎಷ್ಟು ಮುಖ್ಯ ಎಂದು ನೋಡಬೇಕು. ಇದೇ ಪೇಜ್‌ರ‍್ಯಾಂಕ್. ಬೇರೆ ತಾಣದಿಂದ ನಿಮ್ಮತ್ತ ಬರುವ ಲಿಂಕ್‌ಗೆ ಬ್ಯಾಕ್‌ಲಿಂಕ್ ಎನ್ನುತ್ತಾರೆ. ಇನ್ನೊಬ್ಬರು ನಿಮ್ಮನ್ನು ಶಿಫಾರಸು ಮಾಡಿದಂತೆ ಅದನ್ನು ಗೂಗಲ್ ಓದುತ್ತದೆ. 1998ರ ತಮ್ಮ ಪ್ರಬಂಧದಲ್ಲಿ ಇಬ್ಬರೂ ಇನ್ನೊಂದು ಮಾತು ಬರೆದಿದ್ದರು. ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಸರ್ಚ್ ಎಂಜಿನ್ ಸಹಜವಾಗಿಯೇ ಜಾಹೀರಾತುದಾರರ ಕಡೆ ವಾಲುತ್ತದೆ, ಗ್ರಾಹಕರ ಕಡೆಯಲ್ಲ ಎಂದು. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯ, ಈ ಇಬ್ಬರೇ ಕಟ್ಟಿದ ಗೂಗಲ್ ಹುಡುಕಾಟದಲ್ಲಿ ಅಕ್ರಮವಾಗಿ ಏಕಸ್ವಾಮ್ಯ ಕಾಯ್ದುಕೊಂಡಿದೆ ಎಂದು ತೀರ್ಪಿತ್ತಿತು. 2025ರ ಏಪ್ರಿಲ್‌ನಲ್ಲಿ ಇನ್ನೊಂದು ನ್ಯಾಯಾಲಯ ಜಾಹೀರಾತು ತಂತ್ರಜ್ಞಾನದ ಮಾರುಕಟ್ಟೆಯ ಬಗ್ಗೆಯೂ ಅಂಥದೇ ತೀರ್ಪು ಕೊಟ್ಟಿತು.

ಶಿಫಾರಸಿಗೆ ಬೆಲೆ ಇದ್ದಲ್ಲಿ ಶಿಫಾರಸನ್ನು ಮಾರುವವರೂ ಬರುತ್ತಾರೆ. ಅಮೆರಿಕದ ದೊಡ್ಡ ಮಳಿಗೆ ಜೆ.ಸಿ. ಪೆನ್ನಿ 2010ರ ಹಬ್ಬದ ಕಾಲದಲ್ಲಿ ಉಡುಪು, ಹಾಸಿಗೆ, ಪೀಠೋಪಕರಣ ಯಾವುದನ್ನು ಹುಡುಕಿದರೂ ಮೇಲೆ ಬರುತ್ತಿತ್ತು. ಸ್ಯಾಮ್ಸೊನೈಟ್ ಸೂಟ್‌ಕೇಸ್ ಹುಡುಕಿದರೆ ಸ್ಯಾಮ್ಸೊನೈಟ್ ಕಂಪನಿಗಿಂತಲೂ ಮೇಲೆ! ‘ನ್ಯೂಯಾರ್ಕ್ ಟೈಮ್ಸ್’ ಅಗೆದು ನೋಡಿದಾಗ, ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಆ ಮಳಿಗೆಗೆ ಲಿಂಕ್ ಅಂಟಿಸಿದ್ದು ಗೊತ್ತಾಯಿತು. ತನಗೆ ಇದರ ಅರಿವಿರಲಿಲ್ಲ ಎಂದಿತು ಮಳಿಗೆ. 2011ರ ಫೆಬ್ರುವರಿಯ ಒಂದು ಸಂಜೆ ಗೂಗಲ್ ಕ್ರಮ ಕೈಗೊಂಡಿತು. ಒಂದನೇ ಸ್ಥಾನದಲ್ಲಿದ್ದ ಸೂಟ್‌ಕೇಸ್ ಪುಟ ಎರಡೇ ಗಂಟೆಯಲ್ಲಿ 71ಕ್ಕೆ ಇಳಿಯಿತು.

ನಮ್ಮ ಸಣ್ಣ ಅಂಗಡಿಗಳಿಗೆ ಇದರಲ್ಲಿ ಬೇಕಾದ್ದು ಸ್ವಲ್ಪವೇ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ವಿಳಾಸ, ಸಮಯ ಸರಿಯಾಗಿರಲಿ. ಪುಟ ಬೇಗ ತೆರೆಯಲಿ. ‘ಪ್ರೀಮಿಯಂ ಎಥ್ನಿಕ್ ಕಲೆಕ್ಷನ್’ ಎನ್ನುವ ಬದಲು ಜನ ಹುಡುಕುವ ಹಾಗೆ ‘ಇಳಕಲ್ ಸೀರೆ, ಟೋಪ್ ತೆನಿ ಸೆರಗು’ ಎಂದೇ ಬರೆಯಿರಿ, ಬೆಲೆಯನ್ನೂ ಹಾಕಿ. ಜಾಹೀರಾತು ಒತ್ತಿದವರು ಬಂದಿಳಿಯುವ ಪುಟಕ್ಕೆ ಲ್ಯಾಂಡಿಂಗ್ ಪೇಜ್ ಎನ್ನುತ್ತಾರೆ. ಜಾಹೀರಾತಿನಲ್ಲಿ ತೋರಿಸಿದ ಸೀರೆ ಆ ಪುಟದಲ್ಲಿ ಕಾಣದಿದ್ದರೆ ಬಂದವರು ಹಾಗೇ ತಿರುಗಿ ಹೋಗುತ್ತಾರೆ. ಹಾಗೆ ಹೋದವರ ಪ್ರಮಾಣವೇ ಬೌನ್ಸ್ ರೇಟ್.

ಹಿಂಬಾಲಿಸುವ ಸೀರೆ

ಈಗ ಗಾದಿಯ ಈಚೆ ಬದಿಗೆ ಬರೋಣ, ಗಿರಾಕಿಯ ಕಡೆಗೆ.

ಒಂದು ಸೀರೆಯನ್ನು ಆನ್‌ಲೈನಿನಲ್ಲಿ ನೋಡಿ ಬಿಟ್ಟಿರಿ. ಮರುದಿನ ಕ್ರಿಕೆಟ್ ಸ್ಕೋರ್ ನೋಡುವಾಗ ಪಕ್ಕದಲ್ಲಿ ಅದೇ ಸೀರೆ, ರಾತ್ರಿ ಅಡುಗೆ ವಿಧಾನ ಓದುವಾಗ ಮತ್ತೆ ಅದೇ. ಇದಕ್ಕೆ ರೀಟಾರ್ಗೆಟಿಂಗ್ ಎನ್ನುತ್ತಾರೆ. ಇದರ ಬೇರು ಇರುವುದು ಕುಕಿಯಲ್ಲಿ.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮೊಂಟುಲ್ಲಿ ಮುಂದೆ ಒಂದು ಸಮಸ್ಯೆ ಬಂತು. ವೆಬ್‌ಗೆ ಆಗ ನೆನಪೆಂಬುದೇ ಇರಲಿಲ್ಲ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದರೆ ಅಂಗಡಿಗೆ ನೀವು ಹೊಸಬರು, ಬುಟ್ಟಿಗೆ ಹಾಕಿದ ಸಾಮಾನು ಮಾಯ. ಪ್ರತಿ ಬ್ರೌಸರಿಗೂ ಒಂದು ಕಾಯಂ ಗುರುತಿನ ಸಂಖ್ಯೆ ಕೊಟ್ಟರೆ ಆಗುತ್ತಿತ್ತು. ಮೊಂಟುಲ್ಲಿ ಅದನ್ನು ಬೇಕೆಂದೇ ಬಿಟ್ಟರು, ಏಕೆಂದರೆ ಆ ಸಂಖ್ಯೆ ಹಿಡಿದು ಯಾರನ್ನು ಬೇಕಾದರೂ ತಾಣದಿಂದ ತಾಣಕ್ಕೆ ಹಿಂಬಾಲಿಸಬಹುದಿತ್ತು. ಬದಲಿಗೆ ಪ್ರತಿ ತಾಣವೂ ನಿಮ್ಮ ಕಂಪ್ಯೂಟರಿನಲ್ಲಿ ಒಂದು ಸಣ್ಣ ಚೀಟಿ ಬರೆದಿಡಲಿ, ಬರೆದವರು ಮಾತ್ರ ಅದನ್ನು ಓದಲಿ ಎಂದು ಗೊತ್ತುಮಾಡಿದರು. ಆ ಚೀಟಿಯೇ ಕುಕಿ.

ಆದರೆ ಜಾಹೀರಾತು ಕಂಪನಿಗಳು ಸಾವಿರಾರು ತಾಣಗಳಲ್ಲಿ ಒಂದೊಂದು ಮೂಲೆ ಬಾಡಿಗೆಗೆ ಹಿಡಿದವು. ಪುಟ ಪತ್ರಿಕೆಯದ್ದು, ಮೂಲೆ ಜಾಹೀರಾತು ಕಂಪನಿಯದ್ದು. ಆ ಮೂಲೆಯಿಂದ ಅದು ತನ್ನದೇ ಚೀಟಿ ಬರೆಯತೊಡಗಿತು, ಎಲ್ಲ ತಾಣಗಳಲ್ಲೂ ಅದನ್ನು ಓದತೊಡಗಿತು. ಇದೇ ಥರ್ಡ್ ಪಾರ್ಟಿ ಕುಕಿ. ಮೂಲೆ ಕಣ್ಣಿಗೆ ಕಾಣಬೇಕೆಂದೂ ಇಲ್ಲ. ಒಂದೇ ಚುಕ್ಕೆಯಷ್ಟಿರುವ ಪಾರದರ್ಶಕ ಚಿತ್ರ ಸಾಕು. ಅದಕ್ಕೆ ಪಿಕ್ಸೆಲ್ ಎಂದು ಹೆಸರು. ಹಿಂಬಾಲಿಸಬಾರದೆಂದು ಒಬ್ಬ ಎಂಜಿನಿಯರ್ ಎಚ್ಚರದಿಂದ ಕಟ್ಟಿದ್ದು ಹಿಂಬಾಲಿಸುವ ಸಾಧನವಾಯಿತು.

ಆಮೇಲಿನದು ದಾವಣಗೆರೆಯವರಿಗೆ ವಿವರಿಸಬೇಕಿಲ್ಲ. ಅಡಿಕೆ ಮಂಡಿಯಲ್ಲಿ ಚೀಲದ ಮುಂದೆ ಖರೀದಿದಾರರು ಬೆಲೆ ಬರೆಯುವಂತೆ, ನೀವು ಪುಟ ತೆರೆದ ಕ್ಷಣ ನಿಮ್ಮ ಮುಂದಿನ ಖಾಲಿ ಜಾಗ ಹರಾಜಿಗೆ ಹೋಗುತ್ತದೆ. ಯಾವ ಫೋನು, ಯಾವ ಊರು, ಯಾವ ಪುಟ, ಚೀಟಿಯ ಸಂಖ್ಯೆ ಎಷ್ಟು ಎಂಬುದೆಲ್ಲ ಕೊಳ್ಳುವವರಿಗೆ ರವಾನೆಯಾಗುತ್ತದೆ. ಸೀರೆ ಮಾರುವವರಿಗೆ ಆ ಸಂಖ್ಯೆ ಗೊತ್ತು, ಹೆಚ್ಚು ಕೂಗುತ್ತಾರೆ. ಇಷ್ಟೂ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತದೆ. ರಿಯಲ್ ಟೈಮ್ ಬಿಡ್ಡಿಂಗ್ ಎಂದರೆ ಇದು. ಮಂಡಿಯಲ್ಲಿ ಚೀಲದ ಒಡೆಯನಾದ ರೈತನಿಗೆ ದುಡ್ಡು ಸಿಗುತ್ತದೆ. ಇಲ್ಲಿ ಹರಾಜಾದದ್ದು ನಿಮ್ಮ ಗಮನ, ನಿಮಗೆ ಅದು ಹರಾಜಾದದ್ದೂ ಗೊತ್ತಾಗುವುದಿಲ್ಲ.

ಸಫಾರಿ ಬ್ರೌಸರ್ 2020ರಲ್ಲಿ ಥರ್ಡ್ ಪಾರ್ಟಿ ಕುಕಿಗಳನ್ನು ಪೂರ್ತಿ ತಡೆಯಿತು. ಅದೇ ವರ್ಷ ಗೂಗಲ್ ಕೂಡ ಎರಡು ವರ್ಷದಲ್ಲಿ ಕ್ರೋಮ್‌ನಿಂದ ಅವನ್ನು ತೆಗೆಯುವುದಾಗಿ ಹೇಳಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಜಗತ್ತಿನ ಇಂಟರ್ನೆಟ್ ಬಳಕೆದಾರರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಬಳಸುವ ಬ್ರೌಸರ್ ಕ್ರೋಮ್.

■ ನಿಮ್ಮ ಕೈಯಲ್ಲಿರುವುದು

ಆ್ಯಪ್‌ಗಳಲ್ಲಿ ಕುಕಿಯ ಕೆಲಸವನ್ನು ಮಾಡುವುದು ಫೋನಿನ ‘ಅಡ್ವರ್ಟೈಸಿಂಗ್ ಐಡಿ’. ಇತ್ತೀಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ‘ಆ್ಯಡ್ಸ್’ ತೆರೆದು ಅದನ್ನು ಅಳಿಸಿಹಾಕಬಹುದು.

ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್‌ನ ಬಾಲದಲ್ಲಿ ‘ಯುಟಿಎಂ’ ಎಂದು ಶುರುವಾಗುವ ಉದ್ದನೆಯ ಸಾಲು ಕಂಡರೆ, ಅದು ನೀವು ಯಾವ ಜಾಹೀರಾತಿನಿಂದ ಬಂದಿರಿ ಎಂದು ಗುರುತಿಸಲು ಹಾಕಿದ್ದು. ಪ್ರಶ್ನಾರ್ಥಕ ಚಿಹ್ನೆಯ ನಂತರ ಅಂಥ ಬಾಲ ಮಾತ್ರ ಇದ್ದರೆ, ಅದನ್ನು ಅಳಿಸಿದರೂ ಪುಟ ತೆರೆಯುತ್ತದೆ.

ಮೋಸದ ವಿನ್ಯಾಸ, ದಾರಿತಪ್ಪಿಸುವ ಜಾಹೀರಾತು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಹಣ ಕಳೆದುಕೊಂಡ ಸೈಬರ್ ವಂಚನೆಯಾದರೆ ತಡಮಾಡದೆ 1930.

‘2 ಮಾತ್ರ ಉಳಿದಿವೆ!’

ಹಬ್ಬದ ಸೇಲ್‌ನಲ್ಲಿ ಗಡಿಯಾರ ಓಡುತ್ತಿರುತ್ತದೆ. ‘ಇನ್ನು 2 ಮಾತ್ರ’, ‘ಈಗ 38 ಮಂದಿ ಇದನ್ನೇ ನೋಡುತ್ತಿದ್ದಾರೆ’. ನಿಜವಿದ್ದರೆ ಅದು ಮಾಹಿತಿ, ಸುಳ್ಳಾದರೆ ಮೋಸ. ಇಂಥ ವಿನ್ಯಾಸಗಳಿಗೆ ಬ್ರಿಟನ್ನಿನ ವಿನ್ಯಾಸ ತಜ್ಞ ಹ್ಯಾರಿ ಬ್ರಿಗ್ನಲ್ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೇತೃತ್ವದ ತಂಡವೊಂದು 2019ರಲ್ಲಿ ಸುಮಾರು 11,000 ಖರೀದಿ ತಾಣಗಳನ್ನು ಜಾಲಾಡಿ 1,818 ಇಂಥ ಉದಾಹರಣೆಗಳನ್ನು ಪತ್ತೆ ಮಾಡಿತು.

ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಹೆಸರಿಸಿತು. ಸುಳ್ಳು ಆತುರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದರೆ ನಾಚಿಕೆಯಾಗುವಂತೆ ಮಾತು ಹೆಣೆಯುವುದು, ಚಂದಾ ಸೇರಲು ಒಂದು ಒತ್ತು ಬಿಡಲು ಹತ್ತು ಪುಟ ಇಡುವುದು, ಕೊನೆಯ ಪುಟದಲ್ಲಿ ಬೆಲೆ ಏರಿಸುವುದು ಅದರಲ್ಲಿ ಸೇರಿವೆ. 2025ರ ಜೂನ್‌ನಲ್ಲಿ ಎಲ್ಲ ಇ-ಕಾಮರ್ಸ್ ವೇದಿಕೆಗಳೂ ಮೂರು ತಿಂಗಳಲ್ಲಿ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಬೇಕೆಂದು ಸಲಹೆ ಕೊಟ್ಟಿತು. ಸಲಹೆಯಲ್ಲಿ ನಿಲ್ಲದೆ ದಂಡದವರೆಗೆ ಹೋಗಬೇಕೆಂಬುದು ನನ್ನ ಆಸೆ.

ಇನ್‌ಫ್ಲುಯೆನ್ಸರ್‌ಗಳಿಗೂ ನಿಯಮವಿದೆ. ದುಡ್ಡನ್ನೋ ಉಡುಗೊರೆಯನ್ನೋ ಪಡೆದು ಒಂದು ವಸ್ತುವನ್ನು ಹೊಗಳಿದರೆ ಅದು ಜಾಹೀರಾತು ಎಂದು ಎದ್ದು ಕಾಣುವಂತೆ ಹೇಳಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮರುಕಳಿಸಿದರೆ 50 ಲಕ್ಷದವರೆಗೆ.

ಬೆಂಗಳೂರಿನ ಎರಡು ಹೆಸರು

ಈ ಕಥೆಯಲ್ಲಿ ಬೆಂಗಳೂರಿಗೆ ಎರಡು ಕಡೆ ಪಾತ್ರವಿದೆ.

ಮೊದಲನೆಯದು ಇನ್‌ಮೊಬಿ. ಮೊಬೈಲ್ ಜಾಹೀರಾತಿನಲ್ಲಿ ಜಗತ್ತಿನ ದೊಡ್ಡ ಹೆಸರಾಗಿ ಬೆಳೆದ ಬೆಂಗಳೂರಿನ ಕಂಪನಿ, ದೇಶದ ಮೊದಲ ಯೂನಿಕಾರ್ನ್, ಅಂದರೆ ಶತಕೋಟಿ ಡಾಲರ್ ಮೌಲ್ಯದ ನವೋದ್ಯಮ ಎನಿಸಿಕೊಂಡದ್ದು. 2016ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದರ ಮೇಲೆ ಆರೋಪ ಹೊರಿಸಿತು. ಜಾಗದ ಮಾಹಿತಿ ಕೊಡಲಾರೆವೆಂದು ಬಳಕೆದಾರರು ನಿರಾಕರಿಸಿದ್ದರೂ, ಸುತ್ತಮುತ್ತಲಿನ ವೈಫೈ ಸಂಕೇತಗಳಿಂದ ಅವರಿರುವ ಜಾಗವನ್ನು ಕಂಡುಹಿಡಿದಿತ್ತು, ಮಕ್ಕಳ ಆ್ಯಪ್‌ಗಳಲ್ಲೂ ಹಾಗೆ ಮಾಡಿತ್ತು ಎಂಬುದು ಆರೋಪ. 9,50,000 ಡಾಲರ್ ದಂಡ ಕೊಟ್ಟು ಕಂಪನಿ ಇತ್ಯರ್ಥ ಮಾಡಿಕೊಂಡಿತು.

ಎರಡನೆಯದು ಒಬ್ಬ ಹಿರಿಯರದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ದೇಶದ ಕಾನೂನು ಗ್ರಂಥಗಳಲ್ಲಿ ಆ ತೀರ್ಪು ‘ಪುಟ್ಟಸ್ವಾಮಿ ಪ್ರಕರಣ’ವೆಂದೇ ಉಳಿದಿದೆ. ಕುಕಿ, ಪಿಕ್ಸೆಲ್, ಅಡ್ವರ್ಟೈಸಿಂಗ್ ಐಡಿ ಎಂದಾಗಲೆಲ್ಲ ಈ ಹೆಸರು ನೆನಪಾಗಬೇಕೆಂದು ನನಗೆ ಅನಿಸುತ್ತದೆ. ನಮ್ಮ ಶಾಲೆಗಳ ಪಠ್ಯದಲ್ಲಿ ಅವರ ಬಗ್ಗೆ ಒಂದು ಪಾಠವಿರಬೇಕು.

ಆ ತೀರ್ಪಿನ ಬೆನ್ನಿಗೆ, ತಡವಾಗಿಯಾದರೂ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವಿದೆ. ಮಾಹಿತಿಗೆ ಸಾಕಷ್ಟು ಭದ್ರತೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡವಿದೆ. ಸರ್ಕಾರಿ ಸಂಸ್ಥೆಗಳಿಗೆ ಅದು ಕೊಟ್ಟಿರುವ ವಿನಾಯಿತಿಗಳ ಬಗ್ಗೆ ನನಗೆ ಆತಂಕವಿದೆ. ಆದರೆ ಅದರ 6ನೇ ಸೆಕ್ಷನ್ನಿನಲ್ಲಿ ಕನ್ನಡಿಗರು ಬಿಡದೆ ಹಿಡಿದುಕೊಳ್ಳಬೇಕಾದ ಒಂದು ಮಾತಿದೆ. ನಿಮ್ಮ ಮಾಹಿತಿ ಬಳಸಲು ಒಪ್ಪಿಗೆ ಕೇಳುವವರು ಆ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಎಂಟನೇ ಅನುಸೂಚಿಯಲ್ಲಿ ಕನ್ನಡವಿದೆ.

ಅಂದರೆ ‘ಅಕ್ಸೆಪ್ಟ್ ಆಲ್’ ಎಂಬ ಗುಂಡಿಯ ಹಿಂದೆ ಅಡಗಿರುವ ಇಪ್ಪತ್ತು ಪುಟದ ಇಂಗ್ಲಿಷ್ ಷರತ್ತುಗಳ ಕಾಲ ಕಾನೂನಿನ ಮಟ್ಟಿಗೆ ಮುಗಿಯಲಿದೆ. ದೊಡ್ಡ ಕಂಪನಿಗಳು ಇದನ್ನು ತಾವಾಗಿ, ಮನಸ್ಸಿಟ್ಟು ಮಾಡುತ್ತವೆಂದು ನಾನು ನಂಬುವುದಿಲ್ಲ. ಕೇಳುವವರು ಬೇಕು. ಗಡುವು ಮುಗಿದ ಮೇಲೆ ಯಾವುದಾದರೂ ಆ್ಯಪ್ ಒಪ್ಪಿಗೆ ಕೇಳಿದಾಗ ಕನ್ನಡದ ಆಯ್ಕೆ ಕಾಣದಿದ್ದರೆ, ಮೊದಲು ಆ ಕಂಪನಿಗೇ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಬಹುದು, ಅದಕ್ಕೆ ವಕೀಲರ ಅಗತ್ಯವಿಲ್ಲ.